ಅಪ್‌ಡೇಟಿನ ಅನಂತರದ ಮಂದಗತಿಯೂ ಅದರ ಕಾರಣನಿರ್ಣಯವೂ

ಓಲೆಗರಿಗಳ ಛಾಯಾಪ್ರತಿಗಳು, ಶಾಸನಗಳ ಪಡಿಯಚ್ಚುಗಳು, ನಿಘಂಟುಗಳ ಪದಸಂಚಯಗಳು ಇವೆಲ್ಲವೂ ಈಗ ಗಣಕಯಂತ್ರಗಳ ಡಿಸ್ಕುಗಳಲ್ಲಿ ಶೇಖರವಾಗುತ್ತಿರುವುದು ವಾಚಕರಿಗೆ ವಿದಿತವೇ ಆಗಿದೆ. ಆದುದರಿಂದ ಆ ಯಂತ್ರಗಳ ಗುಣದೋಷವಿಚಾರವು ಸಾಹಿತ್ಯವ್ಯಾಸಂಗಿಗಳಿಗೂ ಅಪ್ರಸ್ತುತವೆನಿಸದು. ಯಂತ್ರದ ಸಕಲ ವ್ಯಾಪಾರಗಳನ್ನೂ ನಡೆಯಿಸುವ ಮೂಲತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದೂ, ಅದಕ್ಕೆ ಆಗಾಗ ಬರುವ ತಿದ್ದುಪಡಿಗಳಿಗೆ ಅಪ್‌ಡೇಟ್ ಎಂದೂ ಹೆಸರು. ಅಪ್‌ಡೇಟ್ ಆದೊಡನೆ ಕಡತಗಳ ಓದು ಬರೆಹಗಳು ಮಂದವಾದರೆ ಅದರ ಕಾರಣವನ್ನು ಎಲ್ಲಿ ಅರಸಬೇಕು? ೨೦೧೮ನೆಯ ಇಸವಿಯ ಜನವರಿಯಲ್ಲಿ ಈ ಪ್ರಶ್ನೆಯು ಅನೇಕ ದೇಶಗಳಲ್ಲಿ ಎದ್ದಿತು. ಅದರ ಸಮಾಧಾನವು ಕಾರಣನಿರ್ಣಯಕ್ರಮಕ್ಕೆ ಒಳ್ಳೆಯ ನಿದರ್ಶನವಾಗಿರುವುದರಿಂದ ಇಲ್ಲಿ ಅದನ್ನು ನಿರೂಪಿಸಲಾಗುವುದು.

ಮೊದಲು ಒಂದು ಎಚ್ಚರಿಕೆ ಅವಶ್ಯಕ. ಕಾಗೆ ಕುಳಿತ ಕ್ಷಣದಲ್ಲೇ ತಾಳೆಯ ಹಣ್ಣು ಬಿದ್ದಿತೆಂಬ ಮಾತ್ರಕ್ಕೆ ಕಾಗೆಯು ಕಾರಣವಾಗದು. ಗಡಿಗೆಯ ಉತ್ಪತ್ತಿಗೆ ಮೊದಲು ಕುಂಬಾರನ ಕತ್ತೆಯು ಮಣ್ಣನ್ನು ಹೊತ್ತು ತಂದಿರಬಹುದು; ಆದರೂ ನೈಯಾಯಿಕರು ಅದನ್ನು ಅನ್ಯಥಾಸಿದ್ಧವೆಂದು ಬಿಡುತ್ತಾರೆ. ಪ್ರಕೃತದಲ್ಲಿಯೂ ಹಾಗೆಯೇ. ಒಮ್ಮೆ ಓದಿದ ಕಡತದ ಪ್ರತಿಯನ್ನು ಯಂತ್ರವು ತನ್ನ ಶೀಘ್ರಸ್ಮೃತಿಯಲ್ಲಿ ಇರಿಸಿಕೊಂಡು, ಮರಳಿ ಕೇಳಿದಾಗ ಡಿಸ್ಕನ್ನು ಮುಟ್ಟದೆಯೇ ಕೊಡುತ್ತದೆ. ಅಪ್‌ಡೇಟಿಗಾಗಿ ಯಂತ್ರವನ್ನು ನಿಲ್ಲಿಸಿ ಮತ್ತೆ ಆರಂಭಿಸಿದಾಗ ಆ ಪ್ರತಿಗಳೆಲ್ಲ ಅಳಿದುಹೋಗುವುವು. ಆಗ ಮೊದಲನೆಯ ಓದು ಮಂದವಾಗುವುದು ಸಹಜ. ಇಲ್ಲಿ ಕಾರಣವು ಯಂತ್ರದ ಪುನರಾರಂಭವೇ ಹೊರತು ತಿದ್ದುಪಡಿಯಲ್ಲ. ಡಿಸ್ಕು ತುಂಬಿರುವುದು, ಹಳತಾಗಿರುವುದು, ಹಿನ್ನೆಲೆಯಲ್ಲಿ ಕಡತಗಳ ಸೂಚಿ ಹೊಸದಾಗಿ ಸಿದ್ಧವಾಗುತ್ತಿರುವುದು ಇವೂ ಪರೀಕ್ಷಿಸಿ ಬಿಡತಕ್ಕ ಪಕ್ಷಗಳು.

ಉಳಿದ ಮಾರ್ಗವು ಅನ್ವಯವ್ಯತಿರೇಕವೇ. ಯಂತ್ರವೂ ಡಿಸ್ಕೂ ಕಡತವೂ ಅವೇ ಆಗಿರಬೇಕು. ಶೀಘ್ರಸ್ಮೃತಿಯನ್ನು ಪ್ರತಿಸಲವೂ ಬರಿದುಮಾಡಬೇಕು. ಆಪರೇಟಿಂಗ್ ಸಿಸ್ಟಮಿನ ಅಂತರಂಗವಾದ ಕರ್ನೆಲನ್ನು ಮಾತ್ರ ಹಳತು ಹೊಸತೆಂದು ಬದಲಾಯಿಸಿ ಹಲವು ಸಲ ಅಳೆಯಬೇಕು. ಹೊಸದಿದ್ದಾಗ ಮಂದತೆಯಿದ್ದು ಹಳೆಯದಿದ್ದಾಗ ಇಲ್ಲವಾದರೆ ಕಾರಣವು ಅಪ್‌ಡೇಟಿನೊಳಗಿದೆಯೆಂದು ಸಿದ್ಧವಾಯಿತು. ಆದರೆ ಒಂದು ಅಪ್‌ಡೇಟಿನಲ್ಲಿ ಅನೇಕ ಬದಲಾವಣೆಗಳು ಅಡಗಿರುತ್ತವೆ. ಅವುಗಳಲ್ಲಿ ಯಾವುದು ಕಾರಣವೆಂಬುದು ಎರಡನೆಯ ವಿಚಾರ.

೨೦೧೮ರ ಜನವರಿ ೩ರಂದು ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ಎರಡು ದೋಷಗಳು ಪ್ರಕಟವಾದುವು. ಮೆಲ್ಟ್‌ಡೌನನ್ನು ಗೂಗಲ್ ಸಂಸ್ಥೆಯ ಪ್ರಾಜೆಕ್ಟ್ ಜೀರೋ ತಂಡವೂ, ಸೈಬರಸ್ ಟೆಕ್ನಾಲಜಿ ಸಂಸ್ಥೆಯೂ, ಆಸ್ಟ್ರಿಯಾ ದೇಶದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾನಿಲಯದ ಸಂಶೋಧಕರೂ ಸ್ವತಂತ್ರವಾಗಿ ಕಂಡುಹಿಡಿದಿದ್ದರು. ಇಂಟೆಲ್ ಸಂಸ್ಥೆಯ ಬಹುತರ ಪ್ರೊಸೆಸರುಗಳು ಕಾಲವನ್ನು ಉಳಿಸುವುದಕ್ಕಾಗಿ ಅನುಮತಿಯ ವಿಚಾರಣೆ ಮುಗಿಯುವ ಮೊದಲೇ ಮುಂದಿನ ಕೆಲಸಗಳನ್ನು ಮಾಡಿ ನೋಡುತ್ತಿದ್ದುವು. ಅನುಮತಿಯಿಲ್ಲವೆಂದು ತಿಳಿದಾಗ ಫಲವನ್ನು ಕೈಬಿಡುತ್ತಿದ್ದುವಾದರೂ ಅದರ ಸುಳಿವು ಶೀಘ್ರಸ್ಮೃತಿಯಲ್ಲಿ ಉಳಿಯುತ್ತಿತ್ತು. ಆ ಸುಳಿವನ್ನು ಕಾಲಮಾಪನದಿಂದ ಓದಿ, ಸಾಮಾನ್ಯ ತಂತ್ರಾಂಶವೊಂದು ಕರ್ನೆಲಿನ ರಹಸ್ಯಗಳನ್ನು ಅಪಹರಿಸಬಹುದಾಗಿತ್ತು.

ಇದಕ್ಕೆ ಪರಿಹಾರವು ಹೀಗೆ. ಪ್ರತಿಯೊಂದು ತಂತ್ರಾಂಶಕ್ಕೂ ಸ್ಮೃತಿಯಲ್ಲಿ ಯಾವುದು ಎಲ್ಲಿದೆಯೆಂಬ ನಕ್ಷೆಯೊಂದಿರುತ್ತದೆ. ಅದೇ ಪೇಜ್ ಟೇಬಲ್. ಮೊದಲು ಕರ್ನೆಲಿನ ಪ್ರದೇಶವೂ ಆ ನಕ್ಷೆಯಲ್ಲಿಯೇ, ಪ್ರವೇಶನಿಷಿದ್ಧವೆಂಬ ಗುರುತಿನೊಡನೆ ಇರುತ್ತಿತ್ತು. ಹೊಸ ಕ್ರಮದಲ್ಲಿ ನಕ್ಷೆಗಳು ಎರಡು: ತಂತ್ರಾಂಶಕ್ಕೆ ಒಂದು, ಕರ್ನೆಲಿಗೆ ಒಂದು. ತಂತ್ರಾಂಶದ ನಕ್ಷೆಯಲ್ಲಿ ಕರ್ನೆಲಿನ ಬಾಗಿಲಷ್ಟೇ ಕಾಣುತ್ತದೆ. ಗ್ರಾಟ್ಸಿನ ಸಂಶೋಧಕರು ೨೦೧೭ರಲ್ಲಿ ಬೇರೊಂದು ಪ್ರಯೋಜನಕ್ಕಾಗಿ ಕೈಸರ್ ಎಂಬ ಹೆಸರಿನಿಂದ ಪ್ರಕಟಿಸಿದ್ದ ಈ ಉಪಾಯವೇ ಪರಿಷ್ಕೃತವಾಗಿ, ೨೦೧೮ರ ಜನವರಿ ೨೮ರಂದು ಹೊರಬಂದ ಲಿನಕ್ಸ್ ೪.೧೫ರಲ್ಲಿ ಪಿ.ಟಿ.ಐ. ಎಂಬ ಹೆಸರಿನಿಂದ ನೆಲೆಗೊಂಡಿತು. ವಿಂಡೋಸಿನಲ್ಲಿಯೂ ಇಂತಹುದೇ ಏರ್ಪಾಡು ಬಂದಿತು.

ಮಂದತೆಯ ಬೀಜವು ಇಲ್ಲಿದೆ. ಡಿಸ್ಕಿನಿಂದ ಏನನ್ನಾದರೂ ಓದಬೇಕಾದರೆ ತಂತ್ರಾಂಶವು ಕರ್ನೆಲಿನ ಬಾಗಿಲಿಗೆ ಹೋಗಿ ಬೇಡಬೇಕು. ಇದಕ್ಕೆ ಸಿಸ್ಟಂ ಕಾಲ್ ಎಂದು ಹೆಸರು. ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ನಕ್ಷೆಯನ್ನು ಬದಲಾಯಿಸಬೇಕಾಯಿತು. ಲಿನಕ್ಸಿನ ವಿವರಣಪತ್ರದ ಪ್ರಕಾರ ಒಂದು ಬದಲಾವಣೆಗೆ ಪ್ರೊಸೆಸರಿನ ಸುಮಾರು ೧೦೦ ಮಿಡಿತಗಳು ಬೇಕು. ಸೆಕೆಂಡಿಗೆ ೩೦೦ ಕೋಟಿ ಮಿಡಿತಗಳ ಪ್ರೊಸೆಸರಿನಲ್ಲಿ ಹೋಗಿ ಬರುವ ೨೦೦ ಮಿಡಿತಗಳೆಂದರೆ ಸೆಕೆಂಡಿನ ಒಂದೂವರೆ ಕೋಟಿಯಲ್ಲೊಂದು ಭಾಗ. ಇದನ್ನು ಬಾಗಿಲ ಸುಂಕವೆಂದು ಕರೆಯೋಣ.

ಈ ಸುಂಕವು ಎಲ್ಲರಿಗೂ ಸಮನಾಗಿ ತಟ್ಟಲಿಲ್ಲವೆಂಬುದು ಗಮನಾರ್ಹ. ನಿಮಿಷಕ್ಕೆ ೭೨೦೦ ಸುತ್ತು ತಿರುಗುವ ಹಳೆಯ ಮಾದರಿಯ ಹಾರ್ಡ್ ಡಿಸ್ಕಿನಲ್ಲಿ ಅರ್ಧ ಸುತ್ತಿಗೆ ಸೆಕೆಂಡಿನ ೨೪೦ರಲ್ಲೊಂದು ಭಾಗ ಹಿಡಿಯುತ್ತದೆ. ಅದು ಸುಂಕಕ್ಕಿಂತ ೬೨,೫೦೦ ಪಾಲು ಹೆಚ್ಚು. ಆದುದರಿಂದ ಅಲ್ಲಿ ಸುಂಕವು ಕಣ್ಣಿಗೇ ಬೀಳದು. ಸೆಕೆಂಡಿಗೆ ೫ ಲಕ್ಷ ಸಣ್ಣ ಓದುಗಳನ್ನು ಪೂರೈಸಬಲ್ಲ ಎನ್.ವಿ.ಎಂ.ಇ. ಡಿಸ್ಕಿಗೆ ಒಂದೇ ಪ್ರೊಸೆಸರ್ ಕೋರ್ ಬೇಡಿಕೆಗಳನ್ನು ಒಪ್ಪಿಸುತ್ತಿದ್ದರೆ, ಒಂದು ಓದಿಗೆ ದೊರೆಯುವ ಕಾಲದ ೩೦ರಲ್ಲೊಂದು ಪಾಲನ್ನು ಅದೇ ಸುಂಕವು ನುಂಗುತ್ತದೆ. ಇದಲ್ಲದೆ, ನಕ್ಷೆಯ ಇತ್ತೀಚಿನ ನಮೂದುಗಳನ್ನು ಇಟ್ಟುಕೊಳ್ಳುವ ಟಿ.ಎಲ್.ಬಿ. ಎಂಬ ಕಿರುಸ್ಮೃತಿಯನ್ನು ಹಳೆಯ ಪ್ರೊಸೆಸರುಗಳಲ್ಲಿ ಪ್ರತಿಸಲವೂ ಅಳಿಸಬೇಕಾಗಿ, ನಷ್ಟವು ಇನ್ನೂ ಹೆಚ್ಚಿತು. ಎರಡು ನಕ್ಷೆಗಳ ನಮೂದುಗಳನ್ನು ಗುರುತಿಟ್ಟು ಒಟ್ಟಿಗೆ ಇರಿಸಬಲ್ಲ ಪಿ.ಸಿ.ಐ.ಡಿ. ಎಂಬ ಸೌಕರ್ಯವುಳ್ಳವುಗಳಲ್ಲಿ ನಷ್ಟ ಕಡಮೆಯಾಯಿತು. ೨೦೧೮ರ ಜನವರಿ ೯ರಂದು ಮೈಕ್ರೋಸಾಫ್ಟ್ ಸಂಸ್ಥೆಯೂ ಹಳೆಯ ಪ್ರೊಸೆಸರುಗಳಲ್ಲಿ, ಮತ್ತು ಓದುಬರೆಹ ವಿಶೇಷವಾಗಿರುವ ಸರ್ವರುಗಳಲ್ಲಿ, ಮಂದತೆ ಹೆಚ್ಚೆಂದು ತಿಳಿಸಿತು.

ಈ ಕಾರಣವನ್ನು ಸ್ಥಾಪಿಸುವ ಪರೀಕ್ಷೆಗಳು ಮೂರು. ಒಂದನೆಯದು, ಲಿನಕ್ಸನ್ನು ಆರಂಭಿಸುವಾಗ ನೋಪಿಟಿಐ ಎಂಬ ಸೂಚನೆಯನ್ನಿತ್ತು ಇದೊಂದನ್ನೇ ನಿಲ್ಲಿಸಿ ಅಳೆಯುವುದು. ಆಗಲೂ ಮಂದತೆ ಉಳಿದರೆ, ಸ್ಪೆಕ್ಟರಿಗಾಗಿ ಅದೇ ಕಾಲದಲ್ಲಿ ಬಂದ ಬೇರೆ ತಿದ್ದುಪಡಿಗಳನ್ನು ಪ್ರತ್ಯೇಕವಾಗಿ ವಿಚಾರಿಸಬೇಕು. ಎರಡನೆಯದು, ಬೇಡಿಕೆಯ ಗಾತ್ರವನ್ನು ಬದಲಾಯಿಸುವುದು. ಒಂದು ಗಿಗಾಬೈಟ್ ಕಡತವನ್ನು ೪ ಕಿಲೋಬೈಟಿನ ತುಣುಕುಗಳಾಗಿ ಓದಿದರೆ ೨,೬೨,೧೪೪ ಸಲ ಬಾಗಿಲಿಗೆ ಹೋಗಬೇಕು. ಒಂದು ಮೆಗಾಬೈಟಿನ ತುಣುಕುಗಳಾಗಿ ಓದಿದರೆ ೧,೦೨೪ ಸಲ ಸಾಕು. ಮೊದಲನೆಯದರಲ್ಲಿ ಮಂದತೆ ಕಂಡು ಎರಡನೆಯದರಲ್ಲಿ ಕಾಣದಿದ್ದರೆ ದೋಷವು ಡಿಸ್ಕಿನದಲ್ಲ, ಬಾಗಿಲಿನದು. ಮೂರನೆಯದು, ಎ.ಎಂ.ಡಿ. ಸಂಸ್ಥೆಯ ಪ್ರೊಸೆಸರುಳ್ಳ ಯಂತ್ರದಲ್ಲಿ ನೋಡುವುದು. ಅವಕ್ಕೆ ಮೆಲ್ಟ್‌ಡೌನ್ ತಟ್ಟದುದರಿಂದ ಲಿನಕ್ಸ್ ಅಲ್ಲಿ ಎರಡು ನಕ್ಷೆಗಳ ಕ್ರಮವನ್ನು ತಾನಾಗಿ ಜಾರಿಗೆ ತರಲಿಲ್ಲ. ಆದುದರಿಂದ ಈ ಸುಂಕವೂ ಅಲ್ಲಿರಲಿಲ್ಲ.

ಹಾಗಾದರೆ ನೋಪಿಟಿಐ ಎಂಬುದನ್ನೇ ಪರಿಹಾರವಾಗಿ ಸ್ವೀಕರಿಸಬಹುದೇ ಎಂದು ಕೇಳಬಹುದು. ಅದು ಪರೀಕ್ಷೆಗೆ ಸಾಧನವೇ ಹೊರತು ಚಿಕಿತ್ಸೆಯಲ್ಲ. ಹಲವರು ಬಳಸುವ ಯಂತ್ರದಲ್ಲಿ ಅದನ್ನು ಹಾಗೆಯೇ ಬಿಡುವುದೆಂದರೆ ಕಾವಲಿನ ವೆಚ್ಚ ಹೆಚ್ಚಾಯಿತೆಂದು ಭಂಡಾರದ ಕದವನ್ನು ತೆರೆದಿಟ್ಟಂತೆ. ಯುಕ್ತವಾದ ಪರಿಹಾರವು ಬಾಗಿಲಿಗೆ ಹೋಗುವ ಸಲಗಳನ್ನು ಕಡಮೆಮಾಡುವುದು: ದೊಡ್ಡ ತುಣುಕುಗಳಾಗಿ ಓದುವುದು, ಬೇಡಿಕೆಗಳನ್ನು ಒಟ್ಟುಗೂಡಿಸುವುದು. ೨೦೧೯ರ ಲಿನಕ್ಸ್ ೫.೧ರಲ್ಲಿ ಬಂದ ಐಓ ಯೂರಿಂಗ್ ಎಂಬ ಏರ್ಪಾಡು ಅನೇಕ ಬೇಡಿಕೆಗಳನ್ನು ಒಮ್ಮೆಗೇ ಒಪ್ಪಿಸಲು ಅನುಕೂಲಮಾಡಿತು. ಅದೇ ವರ್ಷ ಹೊರಬಂದ ಇಂಟೆಲಿನ ಕ್ಯಾಸ್ಕೇಡ್ ಲೇಕ್ ಪ್ರೊಸೆಸರುಗಳಲ್ಲಿ ಮೆಲ್ಟ್‌ಡೌನ್ ದೋಷವನ್ನು ಯಂತ್ರದಲ್ಲಿಯೇ ತಿದ್ದಲಾಯಿತು.

ಕಾರ್ಯವು ತೋರಿದ ಸ್ಥಳದಲ್ಲಿಯೇ ಕಾರಣವಿರಬೇಕೆಂಬ ನಿಯಮವಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ. ಮಂದತೆಯು ಡಿಸ್ಕಿನಲ್ಲಿ ತೋರಿತು, ಕಾರಣವು ಬಾಗಿಲಿನಲ್ಲಿತ್ತು. ಡಿಸ್ಕನ್ನೇ ದೂಷಿಸಿ ಇನ್ನೂ ವೇಗವುಳ್ಳದನ್ನು ಕೊಂಡಿದ್ದರೂ ಸುಂಕವು ಒಂದು ಕಾಸಿನಷ್ಟೂ ಇಳಿಯುತ್ತಿರಲಿಲ್ಲ. ಓದಿನ ಕಾಲದಲ್ಲಿ ಅದರ ಪಾಲು ಮಾತ್ರ ಮತ್ತಷ್ಟು ಏರುತ್ತಿತ್ತು.