ಮನೆಗೊಂದು ಚಿಲಕ, ಕೈಗೊಂದು ರೂಢಿ

ಬಾಗಿಲು ಎಲ್ಲ ದೇಶಗಳಲ್ಲಿಯೂ ಬಾಗಿಲೇ. ಅದನ್ನು ಭದ್ರಪಡಿಸುವ ಕ್ರಮ ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಕನ್ನಡ ನಾಡಿನ ಹಳೆಯ ಮನೆಗಳಲ್ಲಿ ಒಳಗಡೆ ಮರದ ಅಗುಳಿ ಇಲ್ಲವೆ ಕಬ್ಬಿಣದ ಚಿಲಕ. ಹೊರಗಡೆ ಕೊಂಡಿಗೆ ಸಿಕ್ಕಿಸುವ ಬೀಗ. ಮನುಷ್ಯನ ಕೈ ತಾಗದೆ ಈ ಬಾಗಿಲು ತಾನಾಗಿ ಭದ್ರವಾಗದು. ಪಶ್ಚಿಮ ದೇಶಗಳ ಮನೆಗಳಲ್ಲಿ ಬೀಗವು ಕದದ ಒಡಲಲ್ಲಿಯೇ ಅಡಗಿರುವುದು ರೂಢಿ. ಎಷ್ಟೋ ಕಡೆ ಅದರ ನಾಲಗೆಯನ್ನು ಸ್ಪ್ರಿಂಗು ಮುಂದೂಡುತ್ತಿರುತ್ತದೆ. ಗಾಳಿ ಕದವನ್ನು ಮುಚ್ಚಿದರೆ ಸಾಕು, ಬೀಗದ ಕೈಯನ್ನು ಒಳಗೆ ಮರೆತ ಯಜಮಾನನೇ ಬೀದಿಯ ಪಾಲು!

ಇರಾನ್ ದೇಶದ ಯಜ್ದ್ ನಗರದ ಹಳೆಯ ಮನೆಗಳಲ್ಲಿ ಬೇರೊಂದು ಸೊಗಸುಂಟು. ಜೋಡಿ ಕದಗಳ ಪೈಕಿ ಒಂದಕ್ಕೆ ಭಾರವಾದ ಲೋಹದ ಸಲಾಕೆ, ಇನ್ನೊಂದಕ್ಕೆ ಹಗುರವಾದ ಬಳೆ. ಗಂಡಸರು ಸಲಾಕೆಯನ್ನೂ ಹೆಂಗಸರು ಬಳೆಯನ್ನೂ ಬಡಿಯುವುದು ಸಂಪ್ರದಾಯ. ಸದ್ದನ್ನು ಕೇಳಿಯೇ ಬಾಗಿಲು ತೆರೆಯಲು ಯಾರು ಹೋಗಬೇಕೆಂಬುದು ಒಳಗಿನವರಿಗೆ ತಿಳಿಯುತ್ತಿತ್ತು.

ಹೀಗೆ ಚಿಲಕವೆಂಬುದು ಬರಿಯ ಲೋಹವಲ್ಲ; ಅದು ಕೈಗೆ ಅಂಟಿದ ರೂಢಿ. ಆ ರೂಢಿ ತಪ್ಪಿದಲ್ಲಿ ಒದಗುವ ಅನರ್ಥಕ್ಕೆ ಅಮೆರಿಕದ ಒಂದು ದುರಂತವೇ ಸಾಕ್ಷಿ. 1903ನೆಯ ಡಿಸೆಂಬರ್ 30ರಂದು ಚಿಕಾಗೋ ನಗರದ ಇರೊಕ್ವಾ ನಾಟಕಶಾಲೆಗೆ ಬೆಂಕಿ ಬಿದ್ದಿತು. ಪ್ರೇಕ್ಷಕರಲ್ಲಿ ಹೆಂಗಸರು ಮಕ್ಕಳೇ ಹೆಚ್ಚು. ಹೊರಹೋಗುವ ಬಾಗಿಲುಗಳು ಪರದೆಗಳ ಮರೆಯಲ್ಲಿದ್ದವು. ಹುಡುಕಿ ಮುಟ್ಟಿದವರಿಗೂ ಅವುಗಳನ್ನು ತೆರೆಯುವ ಬಗೆ ತಿಳಿಯದು. ಏಕೆಂದರೆ ಅಲ್ಲಿದ್ದುದು ಯೂರೋಪಿನಲ್ಲಿ ಬಳಕೆಯಲ್ಲಿದ್ದ, ಅಮೆರಿಕದವರಿಗೆ ಅಪರಿಚಿತವಾದ ‘ಬ್ಯಾಸ್ಕ್ಯೂಲ್’ ಎಂಬ ಅಗುಳಿ. ಹಿಂದೆ ಬೇಸ್‌ಬಾಲ್ ಆಟಗಾರನಾಗಿದ್ದ ಫ್ರಾಂಕ್ ಹೌಸ್‌ಮನ್ ಎಂಬಾತ ಒಂದು ಬಾಗಿಲನ್ನು ತೆರೆದ. ಅವನ ಮನೆಯ ಮಂಜುಗಡ್ಡೆ ಪೆಟ್ಟಿಗೆಗೆ ಅಂಥದೇ ಅಗುಳಿಯಿತ್ತು! ಆ ದುರಂತದಲ್ಲಿ ಮಡಿದವರು ಆರುನೂರಕ್ಕೂ ಹೆಚ್ಚು ಜನ.

ಅಂದಿನ ಆಟಕ್ಕೆ ಹೋಗಬೇಕಾಗಿದ್ದು ಕೆಲಸದ ನಿಮಿತ್ತ ತಪ್ಪಿಸಿಕೊಂಡವನು ಕಾರ್ಲ್ ಪ್ರಿಂಜ್ಲರ್ ಎಂಬ ಕಬ್ಬಿಣ ಸಾಮಾನಿನ ವ್ಯಾಪಾರಿ. ಅವನೂ ಹೆನ್ರಿ ಡ್ಯುಪಾಂಟ್ ಎಂಬ ವಾಸ್ತುಶಿಲ್ಪಿಯೂ ಕೂಡಿ ಹೊಸದೊಂದು ಸಾಧನವನ್ನು ರೂಪಿಸಿದರು. 1908ರಲ್ಲಿ ಅದು ಬಳಕೆಗೆ ಬಂದಿತು. ಕದಕ್ಕೆ ಅಡ್ಡಲಾಗಿ ಒಂದು ಸರಳು. ಅದನ್ನು ಒಳಗಿನಿಂದ ಒತ್ತಿದರೆ ಸಾಕು, ಬಾಗಿಲು ತೆರೆಯುತ್ತದೆ. ಓದುಬರಹವಾಗಲಿ ಪೂರ್ವಪರಿಚಯವಾಗಲಿ ಬೇಡ. ಇಂದು ದೊಡ್ಡ ಚಿತ್ರಮಂದಿರಗಳಲ್ಲಿ, ಆಸ್ಪತ್ರೆಗಳಲ್ಲಿ ಕಾಣುವ ಅಡ್ಡ ಸರಳಿನ ಮೂಲದಲ್ಲಿ ಇಂಥ ದುಃಖದ ಕಥೆಯಿದೆ.

ಈಗ ಬೆಂಗಳೂರಿನಂಥ ನಗರಗಳ ಬಹುಮಹಡಿ ಮನೆಗಳಲ್ಲಿ ತಾನಾಗಿ ಬೀಳುವ ಬೀಗಗಳು ಸಾಮಾನ್ಯವಾಗಿವೆ. ಹಳ್ಳಿಯಿಂದ ಬಂದ ಅಜ್ಜಿಯ ಕೈಗೆ ಗೊತ್ತಿರುವುದು ಚಿಲಕ ಮಾತ್ರ. ಮೂರು ವರ್ಷದ ಮಗುವಿಗೆ ಅದೂ ಗೊತ್ತಿಲ್ಲ. ಹೊಸ ಬೀಗವನ್ನು ಕೊಳ್ಳುವವರು ಕಳ್ಳನು ಅದನ್ನು ತೆರೆಯಬಲ್ಲನೇ ಎಂದು ವಿಚಾರಿಸುತ್ತಾರೆ. ಕತ್ತಲಲ್ಲಿ, ಹೊಗೆಯಲ್ಲಿ, ಗಾಬರಿಯಲ್ಲಿ ಮನೆಯವರೇ ಅದನ್ನು ತೆರೆಯಬಲ್ಲರೇ ಎಂಬುದನ್ನೂ ವಿಚಾರಿಸಬೇಕು. ಮನೆಗೆ ಬಂದ ನೆಂಟರಿಗೆ ಬಚ್ಚಲುಮನೆಯನ್ನು ತೋರಿಸುವಂತೆ ಬಾಗಿಲು ತೆರೆಯುವ ಬಗೆಯನ್ನೂ ಒಮ್ಮೆ ತೋರಿಸಿಕೊಡುವುದು ಲೇಸು.