ದೋಷವೃಕ್ಷಕ್ಕೆ ವೈರಿಯ ಕೊಂಬೆ

2023ರ ಫೆಬ್ರವರಿ 6ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ, 615 ಎಕರೆ ವಿಸ್ತಾರದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೊಂಡಂದಿನಿಂದ, ಆಕಾಶಯಾನದ ಅಪಾಯಗಳನ್ನು ಎಣಿಸುವ ವಿದ್ಯೆ ನಮ್ಮ ತುಮಕೂರು ಜಿಲ್ಲೆಗೆ ದೂರದೇಶದ ವಾರ್ತೆಯಾಗಿ ಉಳಿದಿಲ್ಲ. ಅಲ್ಲಿ ಮೊದಲು ನಿರ್ಮಿಸಲು ಉದ್ದೇಶಿಸಿದ ಲಘು ಬಳಕೆಯ ಹೆಲಿಕಾಪ್ಟರಿಗೆ ಇರುವುದು ಒಂದೇ ಎಂಜಿನ್. ಯಾವುದು ಕೆಟ್ಟರೆ ಏನಾದೀತೆಂಬ ಪ್ರಶ್ನೆಯ ಗಾಂಭೀರ್ಯವನ್ನು ಬೇರೆ ವಿವರಿಸಬೇಕಾಗಿಲ್ಲ.

ಆ ಪ್ರಶ್ನೆಯನ್ನು ಕ್ರಮವಾಗಿ ಕೇಳುವ ಪದ್ಧತಿಯು 1962ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ, ಎಚ್. ಎ. ವಾಟ್ಸನ್ ಎಂಬವರಿಂದ, ಮಿನಿಟ್‌ಮ್ಯಾನ್ ಕ್ಷಿಪಣಿಯ ಉಡಾವಣಾ ನಿಯಂತ್ರಣಕ್ಕಾಗಿ ರೂಪುಗೊಂಡಿತು. ದುರಂತವನ್ನು ಶಿಖರದಲ್ಲಿಟ್ಟು, ಅದಕ್ಕೆ ಕಾರಣವಾಗಬಲ್ಲ ವೈಫಲ್ಯಗಳನ್ನು ಕೊಂಬೆಕೊಂಬೆಯಾಗಿ ಕೆಳಕ್ಕೆ ಬಿಡಿಸುತ್ತ ಹೋಗುವ ಈ ದೋಷವೃಕ್ಷದಲ್ಲಿ ವೈರಿಗೆ ಸ್ಥಾನವಿರಲಿಲ್ಲ. ವೈರಿಯ ಸಂಚುಗಳಿಗೆಂದು ಬ್ರೂಸ್ ಶ್ನೈಯರ್ 1999ರಲ್ಲಿ ದಾಳಿವೃಕ್ಷವನ್ನು ಪ್ರಚುರಪಡಿಸಿದರಾದರೂ, ಎರಡೂ ವೃಕ್ಷಗಳು ಬೇರೆಬೇರೆ ತಜ್ಞರ ಕೈಯಲ್ಲಿ ಬೆಳೆದವು.

ಈ ವಿಭಜನೆಯೇ ಅನರ್ಥಕ್ಕೆ ಮೂಲ. ಎರಡು ಪ್ರತ್ಯೇಕ ನಿಯಂತ್ರಕ ಗಣಕಗಳಲ್ಲಿ ಒಂದೊಂದೂ ಸಾವಿರಕ್ಕೊಮ್ಮೆ ಕೆಡುವುದಾದರೆ, ಎರಡೂ ಒಟ್ಟಿಗೆ ಕೆಡುವ ಸಂಭವ ಹತ್ತು ಲಕ್ಷಕ್ಕೊಂದು ಎಂದು ಸುರಕ್ಷತಾ ತಜ್ಞರು ಗುಣಿಸಿ ನೆಮ್ಮದಿ ತಾಳುವರು. ಎರಡರಲ್ಲಿಯೂ ಒಂದೇ ತಂತ್ರಾಂಶವಿದ್ದು, ಅದನ್ನು ದುರುಳನೊಬ್ಬನು ತಿದ್ದಿಬಿಟ್ಟನೆಂದರೆ, ಆ ಗುಣಾಕಾರವೆಲ್ಲ ನಿರರ್ಥಕ. 2017ರಲ್ಲಿ ಸೌದಿ ಅರೇಬಿಯದ ಪೆಟ್ರೋರಾಸಾಯನಿಕ ಸ್ಥಾವರವೊಂದರಲ್ಲಿ ಟ್ರೈಟನ್ ಎಂಬ ದುಷ್ಟ ತಂತ್ರಾಂಶ ಗುರಿಯಿಟ್ಟದ್ದು, ಆಪತ್ಕಾಲದಲ್ಲಿ ಯಂತ್ರಗಳನ್ನು ನಿಲ್ಲಿಸಬೇಕಾದ ರಕ್ಷಣಾ ವ್ಯವಸ್ಥೆಗೇ! ಇದರ ವಿಲೋಮವೂ ಉಂಟು: 2001ರ ಸೆಪ್ಟೆಂಬರ್ ದಾಳಿಗಳ ತರುವಾಯ ಅಪಹರಣಕಾರರನ್ನು ತಡೆಯಲೆಂದು ಬಲಪಡಿಸಿದ ಕಾಕ್‌ಪಿಟ್ ಬಾಗಿಲು, 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನದಲ್ಲಿ ಹೊರಗೆ ಬಂದಿದ್ದ ಕ್ಯಾಪ್ಟನ್ನರನ್ನೇ ತಡೆಯಿತು, ಒಳಗಿದ್ದ ಸಹಚಾಲಕನು ವಿಮಾನವನ್ನು ಬುದ್ಧಿಪೂರ್ವಕವಾಗಿ ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಲು, 150 ಜನ ಮಡಿದರು.

ಇಗೋರ್ ನಾಯ್ ಫೋವಿನೋ ಮತ್ತು ಸಂಗಡಿಗರು 2009ರಲ್ಲಿಯೇ ದಾಳಿಯ ಕೊಂಬೆಗಳನ್ನು ದೋಷವೃಕ್ಷಕ್ಕೆ ಕಸಿಮಾಡುವ ಮಾರ್ಗವನ್ನು ತೋರಿದ್ದರು. ಸಹಸ್ರಾರು ಬಿಡಿಭಾಗಗಳ ಸಂಯೋಗಗಳನ್ನು ಮನುಷ್ಯನು ಕೈಯಾರೆ ಎಣಿಸಿ ಮುಗಿಸಲಾರನಾದುದರಿಂದ, ಇಂದು ವಿನ್ಯಾಸವನ್ನು ಗಣಿತದ ಭಾಷೆಯಲ್ಲಿ ಬರೆದುಕೊಟ್ಟರೆ, ದುರಂತಕ್ಕೆ ಸಾಲುವ ಕನಿಷ್ಠ ಕಾರಣಕೂಟಗಳನ್ನು ಗಣಕವೇ ಹುಡುಕಿ ಪಟ್ಟಿಮಾಡುತ್ತದೆ. ಅದರಲ್ಲಿಯೂ ಕೊರತೆಯುಂಟು. ಲೋಹದ ಸವಕಳಿಯನ್ನು ಅಳೆಯಬಹುದು. ವೈರಿಯ ಮನಸ್ಸಿಗೆ ಅಂಕಿಯನ್ನು ಕೊಡುವುದು ದುಸ್ಸಾಧ್ಯ. ಅಲ್ಲಿ ಬೇಕಾದುದು ಯಂತ್ರದ ವೇಗವಲ್ಲ, ಎರಡು ಶಾಸ್ತ್ರಗಳನ್ನೂ ಬಲ್ಲ ಮನುಷ್ಯರ ವಿವೇಕ.

ಅಂಥವರನ್ನು ಹೊರಗಿನಿಂದ ಕರೆತರುವುದೇಕೆ? 1963ರಲ್ಲಿ ಆರಂಭವಾದ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದಂಥ ಸಂಸ್ಥೆಗಳು, ಗುಬ್ಬಿ ಕುಣಿಗಲುಗಳಿಂದ ಬರುವ ನಮ್ಮ ಮಕ್ಕಳಿಗೆ, ಸುರಕ್ಷತೆಯನ್ನೂ ಭದ್ರತೆಯನ್ನೂ ಒಂದೇ ತರಗತಿಯಲ್ಲಿ ಬೋಧಿಸಬೇಕೆಂಬುದು ನನ್ನ ವಿನಂತಿ.