ದಾನದ ಲೋಡಿಗೂ ಬಿಲ್ಟಿ ಬೇಕು

ರಾಣೆಬೆನ್ನೂರಿನ ಟ್ರಾನ್ಸ್‌ಪೋರ್ಟ್ ಆಫೀಸೊಂದರಲ್ಲಿ ಸಣ್ಣ ರಟ್ಟಿನ ಪೆಟ್ಟಿಗೆಯೊಂದು ಬುಕ್ ಆಯಿತು ಎಂದಿಟ್ಟುಕೊಳ್ಳಿ. ತೂಕ ಐದಾರು ಕಿಲೋ, ಬಾಡಿಗೆ ಇನ್ನೂರು ರೂಪಾಯಿ. ಒಳಗಿರುವುದು ಹೈಬ್ರಿಡ್ ಟೊಮ್ಯಾಟೊ ಬೀಜ. ಹೊಲದಲ್ಲಿ ಪರದೆಯ ಕೆಳಗೆ ಕೂತು, ಒಂದೊಂದೇ ಮೊಗ್ಗು ಬಿಡಿಸಿ ಗಂಡು ಕೇಸರ ಕಿತ್ತು, ಮರುದಿನ ಕೈಯಾರೆ ಪರಾಗ ಮುಟ್ಟಿಸಿ ಮಾಡಿದ ಬೀಜ ಅದು. ಕಿಲೋಗೆ ಹತ್ತಾರು ಸಾವಿರ ರೂಪಾಯಿ ಬಾಳುತ್ತದೆ. ಆ ಪೆಟ್ಟಿಗೆ ದಾರಿಯಲ್ಲಿ ಕಳೆದುಹೋದರೆ ಲಾರಿ ಕಂಪನಿ ಎಷ್ಟು ಕೊಡಬೇಕು? ಮಾಲಿನ ಬೆಲೆ ಬರೆಸಿ, ಹೆಚ್ಚಿನ ಜವಾಬ್ದಾರಿಯ ದರ ಕಟ್ಟಿರದಿದ್ದರೆ, ಎರಡು ಸಾವಿರ. ಬಾಡಿಗೆಯ ಹತ್ತು ಪಟ್ಟು. ಸಾಮಾನ್ಯವಾಗಿ ಕಂಪನಿಯ ಹೊಣೆ ಅಲ್ಲಿಗೆ ಮುಗಿಯುತ್ತದೆ.

ಈ ಲೆಕ್ಕ ಕೇಳಿ ಬೆಚ್ಚುವವರೇ ಹೆಚ್ಚು. ಬ್ರಿಟಿಷರ ಕಾಲದ 1865ರ ಕಾಯ್ದೆಯನ್ನು ಬದಿಗಿಟ್ಟು ತಂದ 2007ರ ರಸ್ತೆ ಸಾಗಣೆ ಕಾಯ್ದೆ 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದರ ನಿಯಮ ಹೇಳುವುದೇ ಈ ಹತ್ತು ಪಟ್ಟಿನ ಲೆಕ್ಕವನ್ನು. ಸರಕು ಕಳಿಸುವವರು ಏನು ಕಳಿಸುತ್ತಿದ್ದೇವೆ, ಎಷ್ಟು ಬೆಲೆಯದು ಎಂದು ಮೊದಲು ಬರೆದುಕೊಡಬೇಕು. ಅದಕ್ಕೆ ಪ್ರತಿಯಾಗಿ ಕಂಪನಿ ಕೊಡುವ ರಸೀದಿಯೇ ಪೇಟೆಯವರ ಬಾಯಲ್ಲಿ ಬಿಲ್ಟಿ. ಮಾಲು ಹಾಳಾದರೆ ಡ್ರೈವರನ ಅಜಾಗರೂಕತೆಯಿಂದಲೇ ಆಯಿತು ಎಂದು ಸಾಬೀತು ಮಾಡುವ ಭಾರ ಕಳಿಸಿದವರ ಮೇಲಿಲ್ಲ, ಇದು ಗಿರಾಕಿಗೆ ದೊಡ್ಡ ಅನುಕೂಲ. ಆದರೆ ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸು ಕೊಡದಿದ್ದರೆ ಕೋರ್ಟಿಗೆ ಹೋಗುವ ದಾರಿ ಮುಚ್ಚುತ್ತದೆ. ಪ್ರಕೃತಿ ವಿಕೋಪ, ಯುದ್ಧ, ಗಲಭೆಗಳಿಂದ ಆದ ನಷ್ಟಕ್ಕೆ ಕಂಪನಿ ಹೊಣೆಯಲ್ಲ.

ಗಲಭೆ ಎಂಬ ಮಾತು ಬ್ಯಾಡಗಿಯ ವರ್ತಕರಿಗೆ ಬರೀ ಕಾಯ್ದೆಯ ಪುಸ್ತಕದಲ್ಲಿ ಉಳಿದಿಲ್ಲ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಒಮ್ಮೆಲೇ ಕುಸಿಯಿತೆಂಬ ಸಿಟ್ಟು ಮಾರುಕಟ್ಟೆಯಲ್ಲಿ ಸ್ಫೋಟಗೊಂಡು, ಎಪಿಎಂಸಿ ಕಚೇರಿಗೆ ಕಲ್ಲು ಬಿತ್ತು, ವಾಹನಗಳು ಸುಟ್ಟವು. ಸಾಗಣೆ ವಿಮೆ ಮಾಡಿಸುವಾಗ ಮುಷ್ಕರ ಮತ್ತು ಗಲಭೆಯ ರಕ್ಷಣೆಯನ್ನು ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕು. ಪಾಲಿಸಿಯ ಆ ಸಣ್ಣಕ್ಷರಗಳನ್ನು ಓದುವವರು ಕಡಿಮೆ.

ಬ್ಯಾಡಗಿಯ ಲೋಡಿನ ಗುಣವೇ ಬೇರೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಗೆ ಖಾರಕ್ಕಿಂತ ಬಣ್ಣಕ್ಕೆ ಬೆಲೆ. ಡಬ್ಬಿ ತಳಿಯಾಗಲಿ ಕಡ್ಡಿ ತಳಿಯಾಗಲಿ, ಕೇರಳದ ಓಲಿಯೋರೆಸಿನ್ ಕಾರ್ಖಾನೆಗಳು ಅದರ ಕೆಂಪನ್ನು ಹಿಂಡಿ ತೆಗೆದು ಆಹಾರದಿಂದ ಲಿಪ್‌ಸ್ಟಿಕ್‌ವರೆಗೆ ಕಳಿಸುತ್ತವೆ. ಸುಗ್ಗಿಯ ತಿಂಗಳುಗಳಲ್ಲಿ ಟೆಂಡರ್ ನಡೆಯುವ ಸೋಮವಾರ, ಗುರುವಾರ ಆವಕ ಲಕ್ಷ ಚೀಲಗಳ ಲೆಕ್ಕದಲ್ಲಿರುತ್ತದೆ. ಗದಗ, ಕೊಪ್ಪಳ, ರಾಯಚೂರು, ಬಳ್ಳಾರಿ, ಅತ್ತ ಆಂಧ್ರದ ಕರ್ನೂಲಿನಿಂದಲೂ ಗಾಡಿಗಳು ಬಂದು ನಿಲ್ಲುತ್ತವೆ. ಕಾಯಿ ಹಗುರ, ಚೀಲ ದೊಡ್ಡದು. ಲಾರಿಯ ಬಾಡಿ ತುಂಬುತ್ತದೆ, ತೂಕ ತುಂಬುವುದಿಲ್ಲ. ಹಾಗಾಗಿ ಹಮಾಲರು ಚೀಲದ ಮೇಲೆ ಚೀಲ ಏರಿಸುತ್ತಾರೆ, ಮೇಲಿನ ಸಾಲುಗಳನ್ನು ಒಳಮುಖವಾಗಿ ಒತ್ತಿ ಕೂರಿಸುತ್ತಾರೆ, ಆಮೇಲೆ ತಾಡಪತ್ರಿ ಎಳೆದು ನಾಲ್ಕೂ ಕಡೆ ಹಗ್ಗ ಬಿಗಿಯುತ್ತಾರೆ. ಕಾಯಿ ತೀರಾ ಒಣಗಿದ್ದರೆ ಒತ್ತಡಕ್ಕೆ ಮುರಿದು ಪುಡಿಯಾಗುತ್ತದೆ, ಹಸಿ ಉಳಿದಿದ್ದರೆ ತಾಡಪತ್ರಿಯ ಕೆಳಗಿನ ಸೆಕೆಗೆ ಬೂಷ್ಟು ಹಿಡಿಯುತ್ತದೆ. ಹಗ್ಗದ ಒಂದು ಗಂಟು ಸಡಿಲಾಗಿ ತಾಡಪತ್ರಿಯ ಮೂಲೆ ಹಾರಾಡಿದರೆ, ಘಟ್ಟದಲ್ಲಿ ಬಿದ್ದ ಒಂದೇ ಮಳೆಗೆ ಮೇಲಿನ ಸಾಲಿನ ಬಣ್ಣ ಹೋಯಿತೆಂದೇ ಲೆಕ್ಕ. ಬಣ್ಣ ಹೋದರೆ ದರವೂ ಹೋಯಿತು. ಸುರಕ್ಷಿತ ಸಾಗಣೆ ಎಂದಾಗ ಜಿಪಿಎಸ್, ಸೀಲು, ಕ್ಯಾಮೆರಾಗಳ ಮಾತು ಬರುವುದು ಸಹಜ. ಬ್ಯಾಡಗಿಯ ಮಟ್ಟಿಗೆ ಅದು ಮೊದಲು ಹಮಾಲನ ಕೈಯಲ್ಲಿದೆ.

ಗೋವಿನಜೋಳದ ಕತೆ ಇದಕ್ಕೆ ತಿರುಗುಮುರುಗು. ಬಾಡಿ ಅರ್ಧ ತುಂಬುವಷ್ಟರಲ್ಲಿ ಕಾಟಾದ ಮೇಲೆ ತೂಕ ಏರಿರುತ್ತದೆ. ಮೂರು ಆಕ್ಸಲ್ಲಿನ ಲಾರಿ ಗಾಡಿ ಸಮೇತ 25 ಟನ್ ಮೀರಬಾರದೆಂದಿದ್ದ ಮಿತಿಯನ್ನು 2018ರಲ್ಲಿ 28.5 ಟನ್ನಿಗೆ ಏರಿಸಲಾಯಿತು. ಅದೇ ವರ್ಷದ ಏಪ್ರಿಲ್ 1ರಂದು, ಸರಕಿನ ಜೊತೆ ಇರಬೇಕಾದ ಜಿಎಸ್‌ಟಿಯ ಇ-ವೇ ಬಿಲ್ ಬಂತು. ರಾಜ್ಯದೊಳಗಿನ ಸಾಗಣೆಗೂ ಮೊದಲ ದಿನದಿಂದಲೇ ಅದನ್ನು ಅಳವಡಿಸಿಕೊಂಡ ರಾಜ್ಯ ಕರ್ನಾಟಕ.

ಇಷ್ಟೆಲ್ಲ ಕಾಗದ, ಹಗ್ಗ, ತೂಕಗಳ ಶಿಸ್ತನ್ನು ಉತ್ತರ ಕರ್ನಾಟಕದಲ್ಲಿ ದೊಡ್ಡ ಉದ್ದಿಮೆಯಾಗಿ ಬೆಳೆಸಿದ ಹೆಸರು ಎಲ್ಲರಿಗೂ ಗೊತ್ತಿರುವಂಥದ್ದೇ. ಗದುಗಿನ ಪುಸ್ತಕ ಪ್ರಕಾಶನದ ಮನೆತನದಲ್ಲಿ ಹುಟ್ಟಿದ ವಿಜಯ ಸಂಕೇಶ್ವರ 1976ರಲ್ಲಿ ಒಂದೇ ಒಂದು ಲಾರಿಯಿಂದ ವ್ಯವಹಾರ ಶುರು ಮಾಡಿದರು. 1983ರಲ್ಲಿ ಅದು ಕಂಪನಿಯಾಯಿತು, 2015ರಲ್ಲಿ ಷೇರುಪೇಟೆಗೆ ಬಂತು. ಈಗ ವಿಆರ್‌ಎಲ್ ಎಂಬ ಆ ಕಂಪನಿಯ ಬಳಿ ಐದು ಸಾವಿರಕ್ಕೂ ಹೆಚ್ಚು ಸರಕು ವಾಹನಗಳಿವೆ. ನಡುವೆ ಅವರು ಸಂಸದರಾದರು, 1999ರಲ್ಲಿ ‘ವಿಜಯ ಕರ್ನಾಟಕ’, 2012ರಲ್ಲಿ ‘ವಿಜಯವಾಣಿ’ ಪತ್ರಿಕೆ ತಂದರು, 2020ರಲ್ಲಿ ಪದ್ಮಶ್ರೀ ಪಡೆದರು. ಅವರ ಮೇಲೆ ಸಿನಿಮಾ ಕೂಡ ಬಂತು. ಸಿನಿಮಾಕ್ಕೆ ಬೇಕಾಗುವುದು ಒಂದು ಲಾರಿಯಿಂದ ಐದು ಸಾವಿರಕ್ಕೆ ಏರಿದ ಕತೆ. ಸಾಗಣೆಯ ಮರ್ಮ ಇರುವುದು ಬೇರೆ ಕಡೆ. ಒಬ್ಬನೇ ವರ್ತಕನ ಮಾಲು ತುಂಬಿದ ಲಾರಿಯನ್ನು ಯಾರಾದರೂ ಓಡಿಸಬಹುದು. ನೂರು ಜನರ ನೂರು ಪಾರ್ಸಲನ್ನು ಒಂದೇ ಲಾರಿಯಲ್ಲಿ ಹಾಕಿ, ಹಾವೇರಿಗೂ ಹುಬ್ಬಳ್ಳಿಗೂ ನಡುವೆ ಹೆದ್ದಾರಿ ಮೇಲಿರುವ ವರೂರಿನಂಥ ಕೇಂದ್ರದಲ್ಲಿ ಇಳಿಸಿ, ಊರುವಾರು ಬೇರೆ ಮಾಡಿ, ಮತ್ತೆ ಬೇರೆ ಬೇರೆ ಗಾಡಿಗೆ ಏರಿಸಿ, ಕೊನೆಗೆ ನೂರನೆಯದನ್ನೂ ಸರಿಯಾದ ಬಾಗಿಲಿಗೆ ಮುಟ್ಟಿಸುವುದು ಕಷ್ಟದ ಕೆಲಸ. ಪ್ರತಿ ಪೆಟ್ಟಿಗೆಯ ಮೇಲೆ ನಂಬರು, ಪ್ರತಿ ನಂಬರಿಗೆ ಒಂದು ಬಿಲ್ಟಿ, ಇಳಿಸುವಲ್ಲಿ ಎಣಿಸಿಕೊಂಡವರ ಸಹಿ.

ದಾನಧರ್ಮದ ವಿಷಯಕ್ಕೆ ಬಂದಾಗ ಈ ಎಣಿಕೆ ನೆನಪಿಗೆ ಬರಲೇಬೇಕು. ಏಕೆಂದರೆ ಲಾರಿಗಳು ಪರೋಪಕಾರಕ್ಕೆ ಹೊರಡುವ ದಿನ ಮೊದಲು ಬಿಟ್ಟುಹೋಗುವುದೇ ಅದು.

2018ರ ಆಗಸ್ಟಿನಲ್ಲಿ ಕೊಡಗು ಕುಸಿದಾಗ ರಾಜ್ಯದ ಮೂಲೆಮೂಲೆಯಿಂದ ಅಕ್ಕಿ, ರಗ್ಗು, ಬಿಸ್ಕತ್ತು ತುಂಬಿದ ಗಾಡಿಗಳು ಹೊರಟವು. ಸರಿಯಾಗಿ ಒಂದು ವರ್ಷಕ್ಕೆ ನೆರೆ ಇತ್ತ ಬಂತು. ವರದಾ, ಧರ್ಮಾ, ತುಂಗಭದ್ರಾ ಉಕ್ಕಿ ಹಾವೇರಿ ಜಿಲ್ಲೆಯ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು. ಬೆಳಗಾವಿ, ಬಾಗಲಕೋಟೆಯ ಕಡೆ ಇನ್ನೂ ಘೋರ. ಕೊಲ್ಲಾಪುರದ ಹತ್ತಿರ ಪಂಚಗಂಗೆಯ ನೀರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಹರಿದು ದಿನಗಟ್ಟಲೆ ಸಂಚಾರ ನಿಂತಿತು, ಸಾವಿರಾರು ಲಾರಿಗಳು ದಾರಿಯಲ್ಲೇ ಉಳಿದವು. ಇಂಥ ಹೊತ್ತಿನಲ್ಲಿ ಯಾವ ಊರಲ್ಲೂ ನಡೆಯುವುದು ಒಂದೇ. ಸಂಘದವರು ಧ್ವನಿವರ್ಧಕ ಕಟ್ಟಿಕೊಂಡು ಓಣಿ ಓಣಿ ತಿರುಗುತ್ತಾರೆ, ಜನ ಕೈಗೆ ಸಿಕ್ಕಿದ್ದನ್ನು ತಂದು ಹಾಕುತ್ತಾರೆ, ಲಾರಿ ಮಾಲೀಕ ಬಾಡಿಗೆ ಬೇಡ ಅನ್ನುತ್ತಾನೆ, ಡೀಸೆಲ್ಲಿಗೆ ಯಾರೋ ಒಬ್ಬರು ಒಪ್ಪುತ್ತಾರೆ, ಬ್ಯಾನರ್ ಕಟ್ಟಿ, ತೆಂಗಿನಕಾಯಿ ಒಡೆದು, ಗಾಡಿ ಹೊರಡುತ್ತದೆ. ಒಳಗೆ ಏನಿದೆ, ಎಷ್ಟಿದೆ, ಯಾರ ಕೈಗೆ ಕೊಡಬೇಕು ಎಂಬ ಚೀಟಿ ಮಾತ್ರ ಇರುವುದಿಲ್ಲ. ಹೆದ್ದಾರಿಗೆ ಹತ್ತಿರದ ಊರಿಗೆ ಹತ್ತು ಲೋಡು ಬೀಳುತ್ತದೆ. ಕೆಸರು ದಾರಿಯಾಚೆಯ ಊರಿಗೆ ಒಂದೂ ಇಲ್ಲ. ಹಳೇ ಬಟ್ಟೆಯ ರಾಶಿ ಶಾಲೆಯ ಅಂಗಳದಲ್ಲಿ ತೊಯ್ದು ನಾರುತ್ತದೆ.

ಇದು ನಮ್ಮ ಕಡೆಯ ಕೊರತೆ ಮಾತ್ರ ಅಲ್ಲ. 2004ರ ಸುನಾಮಿಯ ನಂತರ ತಮಿಳುನಾಡಿನಲ್ಲಿ ಹೀಗೇ ಬಂದು ಬಿದ್ದ ಬಟ್ಟೆಯ ಗುಡ್ಡೆಯನ್ನು ವಿಂಗಡಿಸಿ ಬಳಕೆಗೆ ತಂದದ್ದು ‘ಗೂಂಜ್’ ಸಂಸ್ಥೆ. 1999ರಲ್ಲಿ ಅದನ್ನು ಕಟ್ಟಿದ ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ಕೆಲಸದ ಬಹುಪಾಲು ಯಾವ ಪಾರ್ಸಲ್ ಕಂಪನಿಯ ಗೋದಾಮಿನಲ್ಲೂ ಕಾಣುವಂಥದ್ದು. ಬಿಚ್ಚುವುದು, ಬೇರ್ಪಡಿಸುವುದು, ಅಳತೆಗೆ ತಕ್ಕಂತೆ ಕಟ್ಟುವುದು, ಬರೆದಿಡುವುದು. ಜರ್ಮನಿಯ ಡಿಎಚ್‌ಎಲ್ ಕೂಡ 2005ರಿಂದ ವಿಶ್ವಸಂಸ್ಥೆಯ ಜೊತೆಗೂಡಿ, ದುರಂತ ನಡೆದ ಜಾಗದ ವಿಮಾನ ನಿಲ್ದಾಣಗಳಿಗೆ ತನ್ನ ಗೋದಾಮಿನ ಅನುಭವಿಗಳನ್ನು ಕಳಿಸುತ್ತ ಬಂದಿದೆ. ಬಂದಿಳಿದ ಪರಿಹಾರ ಸಾಮಗ್ರಿ ರನ್‌ವೇ ಪಕ್ಕದಲ್ಲೇ ಕೊಳೆಯದಂತೆ ನೋಡಿಕೊಳ್ಳುವುದೇ ಅವರ ಕೆಲಸ. ಲಾರಿ ಕಂಪನಿಯೊಂದು ಚೆಕ್ಕು ಕೊಟ್ಟು ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಚೆಕ್ಕು ಯಾರಾದರೂ ಕೊಡಬಹುದು, ಎಣಿಸಿ ಮುಟ್ಟಿಸುವ ಕಸುಬು ಎಲ್ಲರಿಗೂ ಬರುವುದಿಲ್ಲ.

ನಮ್ಮಲ್ಲೇ ಮಾದರಿ ಇಲ್ಲವೆಂದಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ರೊಟ್ಟಿ, ದವಸಧಾನ್ಯ, ಮಾದಲಿ ಬರುತ್ತವೆ. ಲಕ್ಷಗಟ್ಟಲೆ ರೊಟ್ಟಿ ಕೆಡದೆ ಎಲೆಗೆ ಬೀಳುತ್ತದೆ. ದಾಸೋಹಕ್ಕೆ ಏನು ಬೇಕು, ಎಂದು ಬೇಕು ಎಂಬುದು ಕೊಡುವವರಿಗೂ ಗೊತ್ತು, ಇಳಿಸಿಕೊಳ್ಳುವವರೂ ಅಲ್ಲೇ ನಿಂತಿರುತ್ತಾರೆ. ನೆರೆ ಹೇಳಿ ಬರುವುದಿಲ್ಲ, ನಿಜ. ಆದರೆ ನೆರೆ ಬಂದ ತಾಲ್ಲೂಕಿನ ತಹಶೀಲ್ದಾರರ ಕಚೇರಿಗೆ ಹೊರಡುವ ಮುಂಚೆ ಒಂದು ಫೋನು ಮಾಡಲು ಯಾವ ಅಡ್ಡಿ?

ದುಡ್ಡಿನ ಕಡೆಯಿಂದ ಸರ್ಕಾರ ಒಂದೆರಡು ಬಾಗಿಲು ತೆರೆದಿಟ್ಟಿದೆ. ಪ್ರಕೃತಿ ವಿಕೋಪದ ಸಂತ್ರಸ್ತರಿಗೆ ಒಯ್ಯುವ ಪರಿಹಾರ ಸಾಮಗ್ರಿಯ ಲಾರಿ ಬಾಡಿಗೆಗೆ ಜಿಎಸ್‌ಟಿ ಇಲ್ಲ. ಹಾಲು, ಉಪ್ಪು, ಆಹಾರಧಾನ್ಯ, ಪತ್ರಿಕೆಗಳ ಸಾಗಣೆಯ ಸಾಲಿನಲ್ಲೇ ಅದನ್ನೂ ಇಟ್ಟಿದ್ದಾರೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ವಿಕೋಪ ಪರಿಹಾರವೂ ಅದರ ಪಟ್ಟಿಯಲ್ಲಿದೆ. ಆದರೆ ಈ ದೇಶದ ಲಾರಿ ಮಾಲೀಕರಲ್ಲಿ ಬಹುಪಾಲು ಜನರ ಬಳಿ ಇರುವುದು ಐದಕ್ಕಿಂತ ಕಡಿಮೆ ಗಾಡಿ. ಹಾವೇರಿಯಲ್ಲಿ ಒಂದು ಲಾರಿಯನ್ನು ಕಂತಿನ ಮೇಲೆ ತೆಗೆದುಕೊಂಡು ಓಡಿಸುವವನಿಗೆ ಶೇ 2ರ ಮಾತು ಸಂಬಂಧಿಸಿದ್ದಲ್ಲ. ಒಂದು ಟ್ರಿಪ್ಪು ಪುಕ್ಕಟೆ ಹೋದರೆ ಅವನ ಆ ತಿಂಗಳ ಕಂತು ಅಲುಗಾಡುತ್ತದೆ.

ಡ್ರೈವರುಗಳೇ ಸಹಾಯ ಬೇಕಾದವರ ಸಾಲಿನಲ್ಲಿದ್ದಾರೆ ಎಂಬುದನ್ನೂ ಇಲ್ಲಿ ಹೇಳಬೇಕು. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ, ದೇವರ ದರ್ಶನ ಮುಗಿಸಿ ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಗೆ ಮರಳುತ್ತಿದ್ದವರ ಟೆಂಪೊ ಟ್ರಾವೆಲರ್, ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿ 13 ಮಂದಿ ಸತ್ತರು. ನಿದ್ದೆಗೆಟ್ಟ ಕಣ್ಣು, ರಸ್ತೆ ಪಕ್ಕದಲ್ಲೇ ನಿಂತ ಗಾಡಿ, ಇವೆರಡೂ ಈ ಹೆದ್ದಾರಿಯಲ್ಲಿ ದಿನಾ ಇರುವಂಥವು. ದೊಡ್ಡ ಹೆದ್ದಾರಿಗಳ ಲಾರಿ ಅಡ್ಡೆಗಳಲ್ಲಿ ಡ್ರೈವರುಗಳ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ‘ರಾಹಿ’ ಕಾರ್ಯಕ್ರಮವನ್ನು ಸೈಟ್‌ಸೇವರ್ಸ್ ಸಂಸ್ಥೆ 2017ರಿಂದ ನಡೆಸುತ್ತಿದೆ. ಸರಕು ಸಾಗಣೆ ಕಂಪನಿಯೊಂದು ಧರ್ಮಕಾರ್ಯಕ್ಕೆ ದೂರ ಹುಡುಕಬೇಕಿಲ್ಲ. ರಾತ್ರಿ ಗಾಡಿ ನಿಲ್ಲಿಸಲು ಬೆಳಕಿರುವ ಜಾಗ, ಸ್ನಾನಕ್ಕೆ ನೀರು, ಒಂದು ಜೊತೆ ಕನ್ನಡಕ ಇಷ್ಟಾದರೂ ಆದೀತು.

ಇನ್ನು ಪರಿಹಾರದ ಲೋಡಿಗೆ ಅಗ್ಗದ ದಾರಿ ಬ್ಯಾಡಗಿಯ ಪೇಟೆಯಲ್ಲೇ ಇದೆ. ರಾಯಚೂರು, ಕೊಪ್ಪಳ, ಗದಗದಿಂದ ಮೆಣಸಿನಕಾಯಿ ತಂದ ಗಾಡಿಗಳಲ್ಲಿ ಹಲವು ಚೀಲ ಇಳಿಸಿ ಖಾಲಿ ಮರಳುತ್ತವೆ. ಖಾಲಿ ಗಾಡಿಗೂ ಡೀಸೆಲ್ ಬೇಕು, ಟೋಲ್ ಬೇಕು. ರಿಟರ್ನ್ ಲೋಡಿಗಾಗಿ ಬ್ರೋಕರನ ಆಫೀಸಿನಲ್ಲಿ ಕಾಯುವ ಡ್ರೈವರು ಆ ಖರ್ಚಿನ ಒಂದು ಪಾಲು ಹುಟ್ಟಿದರೂ ಸಾಕು ಅನ್ನುತ್ತಾನೆ. ನೆರೆಯೋ ಬರವೋ ಬಂದ ಊರು ಅದೇ ದಾರಿಯಲ್ಲಿದ್ದರೆ, ಸಂಘದವರು ಬ್ಯಾನರಿನ ಗಾಡಿ ಹೊರಡಿಸುವ ಬದಲು ಅವನಲ್ಲಿ ಐವತ್ತು ಚೀಲ ಅಕ್ಕಿ ಬುಕ್ ಮಾಡಬಹುದು. ಚೀಲಕ್ಕೆ ನಂಬರು ಹಾಕಿ, ಇಳಿಸಿಕೊಳ್ಳುವವರ ಹೆಸರು ಮತ್ತು ಫೋನು ಬರೆದು, ಬಿಲ್ಟಿಯ ಒಂದು ಪ್ರತಿಯನ್ನು ತಪ್ಪದೆ ಕೇಳಿ ಇಸಕೊಳ್ಳಬಹುದು. ಬೆಲೆಯ ಖಾನೆಯಲ್ಲಿ ‘ದಾನ’ ಎಂದು ಬರೆದು ಬಿಡದೆ ಅಕ್ಕಿಯ ನಿಜವಾದ ಬೆಲೆಯನ್ನೇ ನಮೂದಿಸಿ, ಆ ಬೆಲೆಗೆ ಹೊಣೆಯ ದರವನ್ನೂ ಕಟ್ಟಬೇಕು. ಇಲ್ಲದಿದ್ದರೆ ನೂರು ರೂಪಾಯಿಯ ರಿಯಾಯಿತಿ ಬಾಡಿಗೆಗೆ ಹೋದ ಚೀಲಗಳು ದಾರಿಯಲ್ಲಿ ಮಾಯವಾದರೂ ಕೇಳಲು ಸಿಗುವುದು ಸಾವಿರ ರೂಪಾಯಿ ಮಾತ್ರ.